ಅರವತ್ತೆರಡನೆಯ ಪುಟದ ಮರೆಮ್ಮ

ನನ್ನ ಸ್ನಾತಕೋತ್ತರ ಪ್ರಬಂಧದ ಅರವತ್ತೆರಡನೆಯ ಪುಟದಲ್ಲಿ ಒಂದು ಕೋಷ್ಟಕವಿದೆ. ಅದರ ಹದಿನೇಳನೆಯ ಸಾಲಿನಲ್ಲಿ ಮರೆಮ್ಮ ಇದ್ದಾಳೆ. ಹೆಸರಿಲ್ಲ, ಹೆಸರು ಬರೆಯಬಾರದು ಎಂದು ನಮಗೆ ಕಲಿಸಿದ್ದರು. ಹೆಣ್ಣು, ನಲವತ್ತು ವರ್ಷ, ಕಟ್ಟಡ ಕೂಲಿ, ಮೂಲ ಊರು ಶಹಾಪುರ ತಾಲ್ಲೂಕು, ಇಲ್ಲಿ ವಾಸವಾಗಿರುವ ಅವಧಿ ನಾಲ್ಕು ತಿಂಗಳು. ಒಬ್ಬ ಹೆಂಗಸಿನ ಇಡೀ ಬದುಕನ್ನು ಗೇಣುದ್ದದ ಸಾಲಿನಲ್ಲಿ ಹೊಂದಿಸಿಟ್ಟ ಜಾಣೆ ನಾನು. ಆ ಸಾಲಿನ ಕೊನೆಯ ಎರಡು ಪದ ಶುದ್ಧ ಸುಳ್ಳು. ಬರೆದವಳು ನಾನೇ, ಕೆಳಗೆ ಸಹಿ ಹಾಕಿದವಳೂ ನಾನೇ. ಹಾಗಾಗಿ ಈಗ ಅವಳ ಬಗ್ಗೆ ಸರಿಯಾಗಿ ಬರೆಯಬೇಕಾದವಳೂ ನಾನೇ.

ನನ್ನ ಹೆಸರು ರೇಣು. ಹುಟ್ಟಿ ಬೆಳೆದದ್ದು ಪುಣೆಯ ಖಡಕಿಯಲ್ಲಿ. ಅಪ್ಪ ಶಿವರುದ್ರಪ್ಪ ಇಂಡಿ ಕಡೆಯವರು, ಇಲ್ಲಿನ ಮದ್ದುಗುಂಡಿನ ಕಾರ್ಖಾನೆಯಲ್ಲಿ ಗುಮಾಸ್ತರು. ತೊಂಬತ್ತೇಳರಲ್ಲಿ ನಗರದ ಒಂದು ಸಂಸ್ಥೆ ಸಮುದಾಯ ಸುಸ್ಥಿರತೆ ಎಂಬ ಹೊಸ ವಿಷಯದಲ್ಲಿ ಎರಡು ವರ್ಷದ ಪದವಿ ಶುರು ಮಾಡಿದಾಗ ನಾನು ಅರ್ಜಿ ಹಾಕಿದೆ. ಅಪ್ಪ ಫಾರಂ ಅನ್ನು ಕನ್ನಡಕ ಏರಿಸಿ ಎರಡು ಸಲ ಓದಿದರು.

“ಇದರಾಗ ಏನ್ ಕಲಿಸ್ತಾರವಾ?”

“ಜನ ತಾವಿರೋ ಜಾಗ, ನೀರು, ಮಣ್ಣು ಕೆಡಿಸದೆ, ಮಕ್ಕಳ ಕಾಲಕ್ಕೂ ಉಳಿಯೋಹಂಗ ಹ್ಯಾಂಗ ಬದುಕಬೇಕು ಅಂತ.”

“ಅದನ್ನ ಕಲೀಲಿಕ್ಕೆ ಎರಡು ವರ್ಷ ಬೇಕೇನು? ನಿಮ್ಮವ್ವ ನಾಕು ಕೊಡ ನೀರಾಗ ಮನಿ ತೂಗಸ್ತಾಳ. ಆಕಿ ಹಂತೇಲೆ ಕಲಿ, ಫೀ ಇಲ್ಲ.” ಎಂದು ನಕ್ಕು, ಸಹಿ ಹಾಕಿ ಕೊಟ್ಟರು.

ನಮ್ಮ ಮಾರ್ಗದರ್ಶಕರು ಅವಧೂತ ಸರ್. ಮರಾಠಿಯವರು, ಒಳ್ಳೆಯವರು, ಮಾತು ಶುರುವಾದರೆ ಚಹಾ ಆರುವುದೂ ಗೊತ್ತಾಗದವರು. ನನ್ನ ಮನೆಮಾತು ಕನ್ನಡ ಎಂದು ತಿಳಿದದ್ದೇ ತಡ, ಅವರ ಕಣ್ಣು ಅರಳಿತು. ಪುಣೆಯ ಅಂಚಿನ ವಾಕಡದ ಆಚೆ, ಕೈಬಿಟ್ಟ ಕಲ್ಲಿನ ಖಣಿಯೊಂದರ ಸುತ್ತ ಕರ್ನಾಟಕದ ಕೂಲಿ ಜನರ ಒಂದು ವಸ್ತಿ ಇದೆ, ಐವತ್ತೆಂಟು ಜೋಪಡಿ, ಅವರನ್ನು ಅವರದೇ ಭಾಷೆಯಲ್ಲಿ ಈವರೆಗೆ ಯಾರೂ ಮಾತಾಡಿಸಿಲ್ಲ, ನೀನು ಹೋಗು ಎಂದರು. ನನಗೆ ಆಗ ಇಪ್ಪತ್ನಾಲ್ಕು. ನನ್ನಿಂದಲೇ ಆಗಬೇಕಾದ ಕೆಲಸವೊಂದು ಜಗತ್ತಿನಲ್ಲಿ ಇದೆ ಎಂದು ಯಾರಾದರೂ ಹೇಳಿದರೆ ಸಾಕಿತ್ತು.

ತೊಂಬತ್ತೆಂಟರ ಜುಲೈನಲ್ಲಿ ಹೋದೆ. ಹೋದ ಕೂಡಲೇ ಬೈಸಿಕೊಂಡೆ.

ಖಣಿಯ ಗುಂಡಿಯಲ್ಲಿ ನೀರು ನಿಂತಿತ್ತು. ಹಿಂದೆ ಕಲ್ಲು ಕಡಿದವರು ಬಿಟ್ಟುಹೋದ ಅಂಚುಗಳು ಮೆಟ್ಟಿಲಿನಂತೆ ಇಳಿದಿದ್ದವು. ಚಪ್ಪಲಿಗೆ ಅಂಟಿದ ಕೆಸರು ತೊಳೆಯೋಣವೆಂದು ನಾನು ಮೂಲೆಯಲ್ಲಿದ್ದ ಸಣ್ಣ ಹೊಂಡದ ಹತ್ತಿರ ಕೂತು ಕಾಲು ಇಳಿಬಿಟ್ಟೆ.

“ಏ ಹೆಣ್ಣೇ! ಮೊದಲು ಕಾಲು ತೆಗೆ! ಅದು ಕುಡಿಯುವ ನೀರು!” ಮರಾಠಿಯಲ್ಲಿ ಕೂಗು ಬಂತು. ಕೂಗಿದ ಮೇಲೆ ತನ್ನಷ್ಟಕ್ಕೆ ಕನ್ನಡದಲ್ಲಿ, “ಈಕಿ ಕಾಲು ತೊಳದದ್ದು ನಾವು ಕುಡೀಬೇಕಂತ ನೋಡು,” ಎಂದ ಗೊಣಗಾಟ.

“ತಪ್ಪಾಯ್ತ್ರಿ ಅಕ್ಕಾ, ಗೊತ್ತಿರಲಿಲ್ಲ,” ಎಂದೆ.

ಸೊಂಟದ ಮೇಲೆ ಕೊಡ ಇಟ್ಟುಕೊಂಡಿದ್ದ ಹೆಂಗಸು ನಿಂತಲ್ಲೇ ನಿಂತಳು. ಕಪ್ಪು, ಗಟ್ಟಿ ಮೈ, ಅಂಗೈ ತುಂಬ ಸಿಮೆಂಟು ತಿಂದ ಬಿರುಕು. ಮುಖದ ಸಿಟ್ಟು ಹಾಗೇ ಕರಗಿತು. “ಯವ್ವಾ! ನಮ್ಮಕಿ ಇದ್ದಿ? ಮೊದಲ ಹೇಳಬಾರದಾ?” ಎಂದು ಕೈ ಹಿಡಿದು ಮೇಲೆ ಎಬ್ಬಿಸಿದಳು. ಅವಳೇ ಮರೆಮ್ಮ.

ಆ ನೀರು ಅವಳ ರಾಜ್ಯ. ಮೂಲೆಯ ಹೊಂಡಕ್ಕೆ ಬಂಡೆಯಿಂದ ಸೆಲೆ ಇತ್ತು, ಅದು ಕುಡಿಯಲು. ಅದು ತುಂಬಿ ಹರಿದ ನೀರು ಕೆಳಗಿನ ಅಂಚಿನಲ್ಲಿ ಪಾತ್ರೆಗೆ, ಅದರ ಕೆಳಗಿನದು ಬಟ್ಟೆಗೆ, ಸ್ನಾನಕ್ಕೆ. ಪ್ರತಿ ಸೋಮವಾರ ಪಾಳಿಯಂತೆ ಎರಡೆರಡು ಮನೆಯವರು ಕಸ, ಪಾಚಿ ತೆಗೆಯಬೇಕು. ತಪ್ಪಿಸಿದವರ ಬಾಗಿಲ ಮುಂದೆ ನಿಂತು ಮರೆಮ್ಮ ಬೈದರೆ ಅವರ ಮನೆತನದ ಮೂರು ತಲೆಮಾರು ನೆನಪಾಗುತ್ತಿತ್ತು. ಅವಳ ಗಂಡ ಧರ್ಮಣ್ಣ ಕಲ್ಲು ಒಡೆಯುವವನು, ಮಾತು ಕಡಿಮೆ. ಹೆಂಡತಿ ಬಯ್ಯುವಾಗ ಬೀಡಿ ಹಚ್ಚಿ ಆಚೆ ನೋಡುವುದು ಅವನ ಕೆಲಸ. ಮಗಳು ಮಾಯಾ ಊರಿನಲ್ಲಿ ಅಜ್ಜಿ ರುದ್ರವ್ವನ ಹತ್ತಿರ ಇದ್ದು ಶಾಲೆಗೆ ಹೋಗುತ್ತಿದ್ದಳು.

ನಾನು ಫಾರಂ ತೆಗೆದೆ. “ಇಲ್ಲಿಗೆ ಬಂದು ಎಷ್ಟು ದಿನ ಆಯ್ತು ಅಕ್ಕಾ?”

“ಯುಗಾದಿ ಮಾಡ್ಕೊಂಡು ಬಂದೀವಿ ನೋಡು. ಎಷ್ಟಾಯ್ತು, ನೀನೇ ಎಣಸು.”

ಎಣಿಸಿದೆ. ನಾಲ್ಕು ತಿಂಗಳು. ಎರಡನೆಯ ಮನೆಯಲ್ಲೂ ಯುಗಾದಿ, ಮೂರನೆಯ ಮನೆಯಲ್ಲೂ ಯುಗಾದಿ. ಐವತ್ತೆಂಟು ಮನೆಯಲ್ಲಿ ಐವತ್ತೊಂದು ಮನೆಯವರು ಅದನ್ನೇ ಹೇಳಿದರು. ಕಣ್ಣಿಗೆ ಕಂಡದ್ದೂ ಹಾಗೇ ಇತ್ತು. ಗೋಡೆಗೆ ಹೊಲಿದ ಸಿಮೆಂಟಿನ ಚೀಲ ಹೊಸವು, ಒಲೆಯ ಮಣ್ಣು ಹೊಸತು, ತಗಡುಗಳನ್ನು ಮೊನ್ನೆ ತಾನೇ ಬಿಗಿದಂತಿತ್ತು. ಹಬ್ಬಕ್ಕೆ ಊರಿಗೆ ಹೋದವರು ಪ್ರತಿ ವರ್ಷ ಕೆಲಸ ಸಿಕ್ಕ ಹೊಸ ಜಾಗಕ್ಕೆ ಹೋಗಿ ನೆಲೆ ಹೂಡುತ್ತಾರೆ ಎಂದು ನಾನು ತಿಳಿದೆ. ತಿಳಿದದ್ದು ಸರಿಯೇ ಎಂದು ಒಬ್ಬರನ್ನಾದರೂ ಕೇಳಲಿಲ್ಲ. ಫಾರಂನಲ್ಲಿ ಆ ಪ್ರಶ್ನೆ ಇರಲಿಲ್ಲ.

ಮರೆಮ್ಮನ ಜೋಪಡಿಯ ಪಕ್ಕ ಒಂದು ಬೇವಿನ ಮರವಿತ್ತು. ಅದನ್ನು ದಾರದಿಂದ ಅಳೆದೆ. ಕಾಂಡದ ಸುತ್ತಳತೆ ಇಷ್ಟು, ನಿವಾಸಿಗಳು ನೆಟ್ಟದ್ದು ಎಂದು ಬರೆದುಕೊಂಡೆ. ಅದು ಮೂವತ್ತೊಂದನೆಯ ಪುಟಕ್ಕೆ ಹೋಯಿತು. ನಾಲ್ಕು ತಿಂಗಳ ಹಿಂದೆ ಬಂದವರು ನೆಟ್ಟ ಗಿಡ ನನ್ನ ಎರಡು ಕೈಯ ಹಿಡಿತಕ್ಕೆ ಸಿಗದಷ್ಟು ದಪ್ಪವಾದದ್ದು ಹೇಗೆ ಎಂದು ನನಗೆ ಹೊಳೆಯಲಿಲ್ಲ. ಪರೀಕ್ಷಕರಿಗೂ ಹೊಳೆಯಲಿಲ್ಲ. ಓದಿದ ಮಂದಿ ನಾವೆಲ್ಲ.

ಆರು ತಿಂಗಳು ಹೋಗಿ ಬಂದೆ. ಮರೆಮ್ಮ ಸಂಜೆ ಕೆಲಸದಿಂದ ಬಂದು ರೊಟ್ಟಿ ಬಡಿಯುತ್ತಿದ್ದಳು, ನಾನು ಎದುರು ಕೂತು ಬರೆಯುತ್ತಿದ್ದೆ. ಅವಳಿಗೆ ಒಂದೇ ಆಸೆ. “ಒಂದು ಪಕ್ಕಾ ಖೋಲಿ ಆಗಬೇಕು ರೇಣವ್ವಾ. ಅದರಾಗ ಸಿಮೆಂಟಿನ ಒಲಿಕಟ್ಟಿ, ಒಂದು ನಳ. ಕೀಳೋ ಒಲಿ ಅಲ್ಲ, ಇದ್ದಲ್ಲೇ ಇರೋ ಒಲಿ. ಆಗ ನಮ್ಮವ್ವನ್ನ, ಮಾಯಾನ್ನ ಕರ್ಕೊಂಡು ಬರ್ತೀನಿ.” ಕೀಳುವ ಒಲೆ ಎಂದರೇನು ಎಂದು ಕೇಳಬಹುದಿತ್ತು. ರೊಟ್ಟಿ ಬಿಸಿಯಿತ್ತು, ಮೇಲೆ ಶೇಂಗಾ ಹಿಂಡಿ ಇತ್ತು, ನಾನು ತಿಂದೆ.

ಪ್ರಬಂಧ ಬರೆದಾಗ ನನ್ನ ವಾದ ಇದು: ಈ ಜನ ಎಲ್ಲೂ ಬೇರೂರುವುದಿಲ್ಲ, ಹಾಗಾಗಿ ಯಾವ ನೆಲವನ್ನೂ ಕೆಡಿಸುವುದಿಲ್ಲ, ಬರುತ್ತಾರೆ, ನೀರನ್ನು ಹಂಚಿಕೊಂಡು ಬಳಸುತ್ತಾರೆ, ಗುರುತು ಬಿಡದೆ ಹೋಗುತ್ತಾರೆ, ಸುಸ್ಥಿರತೆಯ ಪಾಠವನ್ನು ನಗರ ಇವರಿಂದ ಕಲಿಯಬೇಕು. ಅವಧೂತ ಸರ್ ತರಗತಿಯಲ್ಲಿ ಎರಡು ಪುಟ ಗಟ್ಟಿಯಾಗಿ ಓದಿದರು. ಮೊದಲ ದರ್ಜೆ ಬಂತು. ಮರೆಮ್ಮನಿಗೆ ಪೇಢೆ ಒಯ್ದು ಕೊಟ್ಟಾಗ ಅವಳು ನನ್ನ ದೃಷ್ಟಿ ತೆಗೆದು, “ನಮ್ಮ ನೀರಿನ ಸಲುವಾಗಿ ನೀ ಪಾಸಾದಿ ಹೌದಿಲ್ಲೋ?” ಎಂದು ಐವತ್ತೆಂಟು ಮನೆಗೂ ಹೇಳಿಕೊಂಡು ಬಂದಳು.

ಎರಡು ಸಾವಿರದ ಒಂದರ ಹೊತ್ತಿಗೆ ಪಕ್ಕದ ಹಿಂಜವಡಿಯ ಕಂಪ್ಯೂಟರ್ ಕಂಪನಿಗಳ ಗಾಳಿ ವಾಕಡಕ್ಕೆ ಬೀಸಿತ್ತು. ಹೊಲಗಳಿಗೆ ಬೇಲಿ ಬಿತ್ತು. ಖಣಿಯ ಪಕ್ಕದಲ್ಲಿ ದೊಡ್ಡ ರಸ್ತೆ ಬರುತ್ತದೆ, ವಸ್ತಿ ತೆಗೆಯುತ್ತಾರೆ ಎಂಬ ಸುದ್ದಿ ಹಬ್ಬಿತು. ತೊಂಬತ್ತೈದಕ್ಕೆ ಮೊದಲಿನಿಂದ ಇದ್ದವರಿಗೆ ಸರ್ಕಾರ ಬೇರೆ ಕಡೆ ಪಕ್ಕಾ ಖೋಲಿ ಕೊಡುತ್ತದೆ. ಆಮೇಲೆ ಬಂದವರಿಗೆ ಏನೂ ಇಲ್ಲ. ಈ ನಿಯಮ ನನಗೆ ಗೊತ್ತಿತ್ತು. ನನ್ನ ಜನ ಅದರಲ್ಲಿ ಬರುವುದಿಲ್ಲ ಎಂದುಕೊಂಡಿದ್ದೆ. ಆದರೂ ಇಷ್ಟು ಚೆನ್ನಾಗಿ ಬದುಕುವವರಿಗೆ ಕರುಣೆಯಿಂದಲಾದರೂ ಏನಾದರೂ ಕೊಟ್ಟಾರು ಎಂದು, ಪ್ರಬಂಧದ ಒಂದು ಪ್ರತಿಯನ್ನು ನಾನೇ ಒಯ್ದು, ಪಟ್ಟಿ ಮಾಡುವ ಸಾಹೇಬರ ಮೇಜಿನ ಮೇಲೆ ಇಟ್ಟೆ. ಆ ವಸ್ತಿಯ ಬಗ್ಗೆ ಅವರ ಕಚೇರಿಯಲ್ಲಿ ಒಂದು ಚೂರು ಕಾಗದವೂ ಇರಲಿಲ್ಲ. ಎರಡೂ ಕೈಯಿಂದ ತೆಗೆದುಕೊಂಡರು, ಚಹಾ ತರಿಸಿದರು.

ಮೂರು ವಾರಕ್ಕೆ ಪಟ್ಟಿ ಬಂತು. ಖಣಿ ವಸ್ತಿಯ ಒಂದು ಹೆಸರೂ ಇರಲಿಲ್ಲ. ಕೆಳಗೆ ಒಂದು ಟಿಪ್ಪಣಿ: ತಾತ್ಕಾಲಿಕ ವಾಸ, ಆಧಾರ ಪ್ರಬಂಧ, ಪುಟ ಅರವತ್ತೆರಡು.

ಸಮಾಧಾನ ಹೇಳಲು ಮರೆಮ್ಮನ ಹತ್ತಿರ ಹೋದೆ. ಅವಳಿಗೆ ಗಾಬರಿಯೇ ಇರಲಿಲ್ಲ. “ಹೆಸರು ಬರೀಲಿಕ್ಕೆ ಮರ್ತಾರ, ಹೇಳಿ ಬಾ. ತೊಂಬತ್ತೈದಕ್ಕ ಮೊದಲಿದ್ರ ಸಾಕಂತಲ್ಲ. ನಾವು ಬಂದು ಹದಿನೈದು ವರ್ಷ ಆಯ್ತು. ಬಂದ ವರ್ಷನ ಈ ಬೇವಿನ ಗಿಡ ಹಚ್ಚೀನಿ. ಗಿಡನ ಹೇಳ್ತದ.”

ನಾನು ಬೇವಿನ ಕಡೆ ತಿರುಗಿದೆ. “ಮತ್ತ ನನಗ ಯುಗಾದಿಗೆ ಬಂದೀವಿ ಅಂದ್ರಿ?”

“ಹೌದು. ಯುಗಾದಿಗೆ ಹೋಗಿ ಬಂದಿದ್ವಿ.”

“ಹದಿನೈದು ವರ್ಷ ಅಂತ ಯಾಕ ಹೇಳಲಿಲ್ಲ?”

ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ನೀ ನಮ್ಮಕಿ. ನಮ್ಮವರು ಕೇಳಿದ್ರ ಊರಿಂದ ಬಂದು ಎಷ್ಟು ದಿನ ಅಂತ ಹೇಳ್ತೀವಿ. ಮರಾಠಿ ಮಂದಿ ಕೇಳಿದ್ರ ವರ್ಷ ಹೇಳ್ತೀವಿ. ಅವರಿಗೆ ನಮ್ಮೂರಿನ ಸುದ್ದಿ ಏನ್ ಮಾಡೋದದ?”

ಆ ದಿನ ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು, ಮೂರು ವರ್ಷದ ಹಿಂದೆ ನಾನು ಕೇಳಬೇಕಾಗಿದ್ದನ್ನು. ಯುಗಾದಿಯ ಅಮಾವಾಸ್ಯೆಗೆ ಊರಿಗೆ ಹೊರಡುವ ಮುನ್ನ ಒಲೆಯ ಮೂರು ಕಲ್ಲು ಕೀಳುತ್ತಾರೆ. ಹಚ್ಚುವವರಿಲ್ಲದ ಒಲೆಯನ್ನು ಬಿಟ್ಟು ಹೋದರೆ ಮನೆಗೆ ಒಳ್ಳೆಯದಲ್ಲ. ಬೂದಿಯನ್ನು ಬೇವಿನ ಬುಡಕ್ಕೆ ಹಾಕುತ್ತಾರೆ, ಕದಿಯುವವರ ಕಾಟಕ್ಕೆ ತಗಡು ಬಿಚ್ಚಿ ಖಣಿಯ ಪೊಟರೆಯಲ್ಲಿ ಅಡಗಿಸುತ್ತಾರೆ. ಬಂದ ಮೇಲೆ ಅದೇ ಜಾಗದಲ್ಲಿ ಅದೇ ಕಲ್ಲು ಹೂಡಿ, ಹೊಸ ಮಣ್ಣು ಮೆತ್ತಿ, ಅರಿಶಿನ ಹಚ್ಚಿ ಹಾಲು ಉಕ್ಕಿಸುತ್ತಾರೆ. ಅಂದಿನಿಂದ ಹೊಸ ಎಣಿಕೆ. ಹದಿನೇಳನೆಯ ವಯಸ್ಸಿಗೆ ಮದುವೆಯಾಗಿ ಹತ್ತು ವರ್ಷ ಊರಲ್ಲೇ ಕೂಲಿ ಮಾಡಿದ್ದು, ಹೊಟ್ಟೆಯಲ್ಲಿ ಮಾಯಾ ಇದ್ದಾಗ ಈ ಖಣಿಗೆ ಬಂದದ್ದು, ಮಗುವಿಗೆ ಕಲ್ಲಿನ ಧೂಳಿಗೆ ಕೆಮ್ಮು ಹಿಡಿದು ಎರಡು ವರ್ಷದವಳನ್ನು ಅವ್ವನ ಮಡಿಲಿಗೆ ಹಾಕಿ ಬಂದದ್ದು, ವರ್ಷಕ್ಕೆ ಹದಿನೈದು ದಿನ ಮಾತ್ರ ತಾಯಿಯಾಗಿದ್ದದ್ದು, ಎಲ್ಲ ಹೇಳಿದಳು. ನನ್ನ ಕೈಯಲ್ಲಿ ಪೆನ್ನು ಇರಲಿಲ್ಲ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. “ನಾವೂ ಹಂಗ ಅಲ್ಲೇನವಾ? ನಾ ಇಲ್ಲಿ ಬಂದು ಮೂವತ್ತನಾಕು ವರ್ಷ ಆತು. ಮೊನ್ನೆ ಕನ್ನಡ ಸಂಘದಾಗ ಯಾವಾಗ ಬಂದ್ರಿ ಅಂತ ಕೇಳಿದ್ರ, ಇಂಡಿಯಿಂದ ಐತವಾರ ಬಂದೆ ಅಂತ ಹೇಳ್ದೆ.” ನಿಜ. ಚಿಕ್ಕಂದಿನಿಂದ ಈ ಮಾತು ಕೇಳುತ್ತಲೇ ಬೆಳೆದಿದ್ದೆ. ಬೇರೆ ಯಾವ ವಿದ್ಯಾರ್ಥಿ ಹೋಗಿದ್ದರೂ ಮರಾಠಿಯಲ್ಲಿ ಕೇಳಿ, ಸರಿಯಾದ ಉತ್ತರ ಬರೆದುಕೊಂಡು ಬರುತ್ತಿದ್ದ. ನಾನು ಅವರವಳಾಗಿದ್ದೇ ಅವರಿಗೆ ಮುಳುವಾಯಿತು.

ಕಚೇರಿಗೆ ಓಡಿದೆ. ಸಾಹೇಬರು ಈ ಸಲ ಚಹಾ ತರಿಸಲಿಲ್ಲ. “ಮ್ಯಾಡಮ್, ನೀವು ಆಗ ಸುಳ್ಳು ಬರೆದಿರೋ, ಈಗ ಸುಳ್ಳು ಹೇಳುತ್ತಿದ್ದೀರೋ?” ಎಂದರು. ಬೇವಿನ ಮರದ ಮಾತು ತೆಗೆದೆ; ಮರವನ್ನು ಕಡತಕ್ಕೆ ಹಚ್ಚಲು ಬರುತ್ತದೆಯೇ ಎಂದರು. ಜನರ ರೇಷನ್ ಕಾರ್ಡು, ಓಟಿನ ಚೀಟಿ ಎಲ್ಲ ಊರಿನವು. ಪುಣೆಯಲ್ಲಿ ಅವರಿದ್ದಾರೆ ಎಂದು ಹೇಳುವ ಕಾಗದ ನನ್ನದೊಂದೇ, ಅದು ಅವರು ಇರಲಿಲ್ಲ ಎನ್ನುತ್ತಿತ್ತು. ಪ್ರಬಂಧವೇ ತಪ್ಪು ಎಂದು ಬರೆದು ಕೊಡಿ, ನಿಮ್ಮ ಸಂಸ್ಥೆಯ ಮೂಲಕ ಕಳಿಸಿ, ನೋಡೋಣ ಎಂದರು.

ಅವಧೂತ ಸರ್ ಮುಖ ಸಣ್ಣದು ಮಾಡಿಕೊಂಡರು. “ಮೂಲ ಅಂಕಿಅಂಶವೇ ತಪ್ಪು ಎಂದರೆ ಪದವಿಯನ್ನೇ ಹಿಂದೆ ಪಡೆಯಬಹುದು. ಯೋಚನೆ ಮಾಡು ರೇಣು.” ನಾನು ನಾಲ್ಕು ದಿನ ಯೋಚನೆ ಮಾಡಿದೆ. ಆಗಷ್ಟೇ ಅದೇ ಸಂಸ್ಥೆಯಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತ್ತು. ಕೊನೆಗೆ ಬರೆದೆ: ಕೋಷ್ಟಕದ ಕೆಲವು ಅಂಶಗಳನ್ನು ಮರುಪರಿಶೀಲಿಸುವ ಅಗತ್ಯವಿರಬಹುದು. ಇರಬಹುದು ಅಂತೆ! ಹೇಡಿ ಬರೆಯುವ ಕಾಗದ ಹೀಗೇ ಇರುತ್ತದೆ. ಅದು ಕಡತದಲ್ಲಿ ಕೂತಿತು, ಇವತ್ತಿಗೂ ಅಲ್ಲೇ ಇರಬೇಕು.

ಇಷ್ಟಕ್ಕೇ ನಿಲ್ಲಿಸಿದ್ದರೆ ಒಂದೇ ತಪ್ಪಾಗುತ್ತಿತ್ತು. ಪಟ್ಟಿಯಲ್ಲಿ ಬಿಟ್ಟುಹೋದವರಿಗಾಗಿ ಇನ್ನೊಂದು ಸರ್ವೆ ಆಗುತ್ತದಂತೆ, ಜೋಪಡಿ ಖಾಲಿ ಕಂಡರೆ ಹೆಸರಿಲ್ಲವಂತೆ ಎಂದು ಕಚೇರಿಯ ಗುಮಾಸ್ತನೊಬ್ಬ ಹೇಳಿದ. ನಾನು ಪ್ರಾಯಶ್ಚಿತ್ತದ ಉಮೇದಿನಲ್ಲಿ ನೇರ ಮರೆಮ್ಮನ ಹತ್ತಿರ ಹೋದೆ.

“ಅಕ್ಕಾ, ಇನ್ನ ಸರ್ವೆ ಆಗೋ ತನಕ ಒಲಿ ಕೀಳಬ್ಯಾಡ್ರಿ. ಯುಗಾದಿಗೆ ಹೋಗಬ್ಯಾಡ್ರಿ. ಈ ಸಲ ಖೋಲಿ ತಪ್ಪಬಾರದು.”

“ಹೋಗಲಾರದ ಹ್ಯಾಂಗಿರಲಿ?” ಎಂದಳು. ಬೇವಿನ ಬುಡಕ್ಕೆ ಒಂದು ಚೊಂಬು ನೀರು ಸುರಿದಳು. “ಆಗಲಿ. ನೀ ಹೇಳಿದ ಮ್ಯಾಲ ಮುಗೀತು.”

ಉಳಿದ ಮನೆಯವರು ಎಂದಿನಂತೆ ಹೋದರು. ಎರಡು ಸಾವಿರದ ಎರಡರ ಯುಗಾದಿಗೆ ಧರ್ಮಣ್ಣ ಒಬ್ಬನೇ ಊರಿಗೆ ಹೋಗಿ ಬಂದ. ಖಾಲಿ ವಸ್ತಿಯಲ್ಲಿ ಮರೆಮ್ಮ ಒಬ್ಬಳೇ ಹದಿನೈದು ದಿನ ಒಲೆ ಹಚ್ಚಿ ಕೂತಳು. ಸರ್ವೆಯವರು ಬರಲಿಲ್ಲ. ಮುಂದಿನ ವರ್ಷ ಹೋಳಿ ಕಳೆದ ಮೇಲೆ, ಸರ್ವೆ ಈ ವಾರವೇ ಎಂದು ಜೋರು ಸುದ್ದಿ ಇದ್ದಾಗ, ಊರಿಂದ ಫೋನು ಬಂತು: ರುದ್ರವ್ವ ಹಾಸಿಗೆ ಹಿಡಿದಿದ್ದಾಳೆ, ಮಗಳ ಹೆಸರು ಹಿಡಿದು ಕೇಳುತ್ತಿದ್ದಾಳೆ. ಧರ್ಮಣ್ಣ ಹೊರಟ. ಮರೆಮ್ಮ ಗಂಟು ಕಟ್ಟಿ, ಬಾಗಿಲವರೆಗೆ ಬಂದು, ಗಂಟು ಬಿಚ್ಚಿದಳು. ಇದು ನನಗೆ ಆಮೇಲೆ ತಿಳಿಯಿತು. ಮೂರನೆಯ ದಿನ ರುದ್ರವ್ವ ತೀರಿಕೊಂಡಳು. ಸರ್ವೆಯವರು ಆ ವಾರವೂ ಬರಲಿಲ್ಲ, ಯಾವ ವಾರವೂ ಬರಲಿಲ್ಲ.

ನಾನು ಹೋಗಿ ಎದುರು ಕೂತಾಗ ಅವಳು ಬಯ್ಯಲಿಲ್ಲ. ನನಗೆ ಬೈಗುಳ ಬೇಕಿತ್ತು. ಕುಡಿಯುವ ನೀರಿಗೆ ಕಾಲಿಟ್ಟಾಗ ಬೈದ ಹೆಂಗಸು, ಇದಕ್ಕೆ ಬಯ್ಯಲಿಲ್ಲ. “ನೀ ಏನ್ ಮಾಡ್ತಿ? ನಮ್ಮ ಒಳ್ಳೇದಕ್ಕ ಹೇಳಿದ್ದಿ,” ಎಂದು ಚಹಾಕ್ಕೆ ನೀರಿಟ್ಟಳು. ಅದನ್ನು ಹೇಗೆ ಕುಡಿದೆನೋ ನನಗೆ ನೆನಪಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ಒಂದು ಬೆಳಿಗ್ಗೆ ಯಂತ್ರಗಳು ಬಂದು ಜೋಪಡಿಗಳನ್ನು ತೆಗೆದವು. ಖಣಿಗೆ ಮಣ್ಣು ತುಂಬಿದರು, ಸೆಲೆ ಅದರ ಕೆಳಗೆ ಹೋಯಿತು. ಬೇವು ರಸ್ತೆಗೆ ಅಡ್ಡ ಬಂತೆಂದು ಕಡಿದರು. ಮರೆಮ್ಮ ಆ ಹೊತ್ತಿಗೆ ಒಲೆಯ ಮೂರು ಕಲ್ಲು ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಹಿಂಜವಡಿಯ ಆಚೆ ಒಬ್ಬ ಗುತ್ತಿಗೆದಾರನ ತಗಡಿನ ಶೆಡ್ಡಿಗೆ ಹೋದರು. ಅಜ್ಜಿ ಹೋದ ಮೇಲೆ ನೋಡುವವರಿಲ್ಲದೆ ಮಾಯಾಳ ಶಾಲೆ ಬಿಡಿಸಿ ಇಲ್ಲಿಗೆ ಕರೆತಂದಿದ್ದರು. ಅವ್ವ ಮಗಳು ಕೊನೆಗೂ ಒಂದೇ ಕಡೆ ಇದ್ದರು, ಒಂದೇ ಕಟ್ಟಡಕ್ಕೆ ಇಟ್ಟಿಗೆ ಹೊರುತ್ತ.

ಈಗ ನಾನು ಆ ಪದವಿಯ ಮೇಡಂ. ಎರಡು ಸಾವಿರದ ಏಳರಲ್ಲಿ ಹೊಸ ವಿದ್ಯಾರ್ಥಿಗಳನ್ನು ಕ್ಷೇತ್ರ ಅಧ್ಯಯನಕ್ಕೆ ಆ ಶೆಡ್ಡುಗಳ ಕಡೆ ಕರೆದುಕೊಂಡು ಹೋದೆ. ಒಂದೇ ಪ್ರಶ್ನೆಯನ್ನು ಮೂರು ಬಗೆಯಲ್ಲಿ ಕೇಳಿ, ಮರಗಳನ್ನೂ ಮಾತಾಡಿಸಿ ಎಂದು ಹೇಳಿದ್ದೆ. ಅವರು ನಕ್ಕಿದ್ದರು. ಒಬ್ಬ ಮರಾಠಿ ಹುಡುಗಿ ಫಾರಂ ಹಿಡಿದು ಮರೆಮ್ಮನ ಮುಂದೆ ಕೂತಳು. ಮರೆಮ್ಮನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಹಿಂದೆ ನಿಂತಿದ್ದೆ.

“ಚಿಕ್ಕಮ್ಮಾ, ನಿಮ್ಮ ಊರು ಯಾವುದು?” ಹುಡುಗಿ ಮರಾಠಿಯಲ್ಲಿ ಕೇಳಿದಳು.

“ಇದೇ,” ಮರೆಮ್ಮ ಮರಾಠಿಯಲ್ಲೇ ಅಂದಳು. “ಪುಣೆ. ಹುಟ್ಟಿದ್ದೂ ಇಲ್ಲೇ.”

“ಮೂಲ ಊರು? ಅಪ್ಪ ಅವ್ವ ಎಲ್ಲಿಯವರು?”

“ಊರಿಲ್ಲ ನನಗೆ. ಯಾರೂ ಇಲ್ಲ. ನಾನು ಎಲ್ಲಿಗೂ ಹೋಗುವುದಿಲ್ಲ.”

ಹುಡುಗಿ ಬರೆದುಕೊಂಡಳು. ಮರೆಮ್ಮ ಅವಳ ಭುಜದ ಮೇಲಿಂದ ನನ್ನ ಕಡೆ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಪರೀಕ್ಷೆ ಬರೆದು ಬಂದ ಮಗುವಿನ ಅಂಜಿಕೆ ಇತ್ತು.

“ಈ ಸಲ ಬರೋಬ್ಬರಿ ಹೇಳಿದ್ನಿಲ್ಲೋ, ರೇಣವ್ವಾ?” ಎಂದು ಕನ್ನಡದಲ್ಲಿ ಕೇಳಿದಳು.

ಹೌದಕ್ಕಾ ಎಂದೆ.